ತಿದ್ದುವವರು ಪಕ್ಕದಲ್ಲಿಲ್ಲದ ಶಾಲೆಗೆ ತಯಾರಿ: ಮಲೆನಾಡಿನ ಭಾವಿ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಭಾಗದಲ್ಲಿ ಇಬ್ಬರು ಶಿಕ್ಷಕರು, ಐದು ತರಗತಿಗಳು ಮತ್ತು ಬೆರಳೆಣಿಕೆಯ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗಳು ಬಹಳ. ಮುಖ್ಯ ಶಿಕ್ಷಕರು ಸಭೆಗೆಂದು ತಾಲ್ಲೂಕು ಕೇಂದ್ರಕ್ಕೆ ಹೋದ ದಿನ ಇಡೀ ಶಾಲೆ ನಿಮ್ಮೊಬ್ಬರದ್ದೇ. ಸಿಆರ್‌ಪಿ (ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಯಾವಾಗಲೋ ಒಮ್ಮೆ ಬಂದು ನೋಡಿ ಹೋಗುತ್ತಾರೆ. ಉಳಿದ ದಿನಗಳಲ್ಲಿ ನೀವು ಕಲಿಸಿದ್ದು ಸರಿಯೋ ತಪ್ಪೋ ಎಂದು ಹೇಳುವವರು ಯಾರೂ ಇರುವುದಿಲ್ಲ. ಪೇಟೆಯ ದೊಡ್ಡ ಶಾಲೆಯಲ್ಲಾದರೆ ಪಕ್ಕದ ಕೊಠಡಿಯ ಹಿರಿಯರನ್ನು ನೋಡಿಯಾದರೂ ಕಲಿಯಬಹುದು. ಇಲ್ಲಿ ಆ ಅನುಕೂಲವಿಲ್ಲ.

ಆದ್ದರಿಂದ ಡಿ.ಎಡ್, ಬಿ.ಎಡ್ ಓದುತ್ತಿರುವಾಗಲೇ ನಿಮ್ಮನ್ನು ನೀವೇ ತಿದ್ದಿಕೊಳ್ಳುವ ಅಭ್ಯಾಸ ಕೈಗೂಡಬೇಕು. ವೃತ್ತಿಮಾನದಂಡ ಎಂಬ ಮಾತಿಗೆ ಈ ಬರಹದಲ್ಲಿರುವ ಅರ್ಥ ಇದೇ. ಶಿಕ್ಷಕರಿಗೆ ರಾಷ್ಟ್ರಮಟ್ಟದ ವೃತ್ತಿಮಾನದಂಡಗಳು ಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು, ಅವನ್ನು ರೂಪಿಸುವ ಹೊಣೆಯನ್ನು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿಗೆ (ಎನ್‌ಸಿಟಿಇ) ವಹಿಸಿತು. ಕಾಗದದ ಮೇಲೆ ಅವು ಚೆನ್ನಾಗಿಯೇ ಇವೆ. ಮೂರನೇ ತರಗತಿಯ ಮಗುವಿನ ಸ್ಲೇಟಿನ ಮುಂದೆ ಕೂತಾಗ ಅವು ಯಾವ ರೂಪ ಪಡೆಯಬೇಕು ಎಂಬುದು ಮುಂದಿನ ಹಂತಗಳಲ್ಲಿದೆ.

ಹಂತ 1: ಕಾನೂನಿನ ಕನಿಷ್ಠ ಮಿತಿಯನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪರೀಕ್ಷೆಗೆ ಇಸವಿ ಬಾಯಿಪಾಠ ಮಾಡಿದರೆ ಮುಗಿಯಲಿಲ್ಲ. ಅದರ ನಾಲ್ಕು ಸೆಕ್ಷನ್‌ಗಳು ನಿಮ್ಮ ದಿನಚರಿಯನ್ನೇ ನಿರ್ಧರಿಸುತ್ತವೆ.

ಸೆಕ್ಷನ್ 24 ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ: ಸಮಯಕ್ಕೆ ಸರಿಯಾಗಿ, ತಪ್ಪದೆ ಶಾಲೆಗೆ ಬರುವುದು, ಪಠ್ಯಕ್ರಮವನ್ನು ನಿಗದಿತ ಅವಧಿಯಲ್ಲಿ ಮುಗಿಸುವುದು, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ಅರಿತು, ಬೇಕಾದವರಿಗೆ ಹೆಚ್ಚುವರಿಯಾಗಿ ಕಲಿಸುವುದು, ಪೋಷಕರ ಸಭೆ ನಡೆಸಿ ಹಾಜರಿ, ಕಲಿಕೆ, ಪ್ರಗತಿಯ ಮಾಹಿತಿ ಕೊಡುವುದು. ಸೆಕ್ಷನ್ 17 ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಸೆಕ್ಷನ್ 28ರ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಸೆಕ್ಷನ್ 27ರ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ.

ಕಾಯ್ದೆಯ ಅನುಸೂಚಿಯ ಲೆಕ್ಕವೂ ಗೊತ್ತಿರಲಿ. 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ, 800 ಬೋಧನಾ ಗಂಟೆ. 6ರಿಂದ 8ಕ್ಕೆ 220 ದಿನ, 1000 ಗಂಟೆ. ಶಿಕ್ಷಕರ ಕೆಲಸ ವಾರಕ್ಕೆ 45 ಗಂಟೆ, ಪಾಠದ ತಯಾರಿಯೂ ಇದರೊಳಗೇ ಬರುತ್ತದೆ. ತಯಾರಿ ಎಂದರೆ ಮನೆಗೆಲಸದ ನಡುವೆ ಪುರುಸೊತ್ತಾದಾಗ ಮಾಡುವಂಥದ್ದಲ್ಲ, ವೃತ್ತಿಯ ಗಂಟೆಗಳಲ್ಲೇ ಅದಕ್ಕೆ ಜಾಗವಿದೆ.

ಸೆಕ್ಷನ್ 17 ಓದಿದ ಮೇಲೂ ಬಸ್ಕಿ ಹೊಡೆಸುವುದು, ಕಿವಿ ಹಿಂಡುವುದು, ಅಡ್ಡಹೆಸರಿಟ್ಟು ಕರೆಯುವುದು ಶಿಕ್ಷೆಯಲ್ಲ ಎಂದುಕೊಳ್ಳುವವರಿದ್ದಾರೆ. ಇವೆಲ್ಲ ಅದರ ವ್ಯಾಪ್ತಿಗೇ ಬರುತ್ತವೆ. ಕೋಲು ಬಿಟ್ಟರೆ ತರಗತಿ ಹಿಡಿತ ತಪ್ಪುತ್ತದೆ ಎಂಬ ಭಯ ಹೊಸಬರಿಗೆ ಸಹಜ. ಆದರೆ ಗದ್ದಲ ಏಳುವುದು ಮಕ್ಕಳ ಕೈಗೆ ಕೆಲಸವಿಲ್ಲದಾಗ. ಒಂದು ಚಟುವಟಿಕೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ಎರಡು ಮೂರು ನಿಮಿಷಗಳಲ್ಲೇ ಅರ್ಧ ಗಲಾಟೆ ನಡೆದುಹೋಗುತ್ತದೆ. ಮುಂದಿನ ಕೆಲಸದ ಸಾಮಗ್ರಿ ಮೊದಲೇ ಗುಂಪಿನ ನಾಯಕರ ಕೈಯಲ್ಲಿರಲಿ. ಚಪ್ಪಾಳೆಯ ಒಂದು ಲಯವನ್ನು ಮೌನದ ಸೂಚನೆ ಎಂದು ಮೊದಲ ವಾರವೇ ರೂಢಿ ಮಾಡಿಸಿ. ಮಾತಾಡುತ್ತಿರುವ ಮಗುವಿನ ಹೆಸರನ್ನು ದೂರದಿಂದ ಕೂಗುವ ಬದಲು ಹತ್ತಿರ ಹೋಗಿ ನಿಂತು ಪಾಠ ಮುಂದುವರಿಸಿ. ಬಹಳ ಸಲ ಅಷ್ಟು ಸಾಕಾಗುತ್ತದೆ.

ಹಂತ 2: ಸೂಕ್ಷ್ಮ ಬೋಧನೆಯನ್ನು ಶಾಸ್ತ್ರಕ್ಕೆ ಮಾಡಿ ಮುಗಿಸಬೇಡಿ

ಸೂಕ್ಷ್ಮ ಬೋಧನೆ ಎಂದರೆ ಒಂದೇ ಕೌಶಲವನ್ನು ರೂಢಿಸಿಕೊಳ್ಳಲು ಸಹಪಾಠಿಗಳ ಚಿಕ್ಕ ಗುಂಪಿಗೆ ಮಾಡುವ ಕಿರುಪಾಠ. ಕಾಲೇಜಿನಲ್ಲಿ ಇದು ರೆಕಾರ್ಡ್ ಪುಸ್ತಕ ತುಂಬಿಸುವ ಕೆಲಸವಾಗಿಬಿಟ್ಟಿದೆ, ಅದು ದೊಡ್ಡ ನಷ್ಟ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಚಕ್ರ 36 ನಿಮಿಷದ್ದು: 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಬೋಧನೆ, 6 ನಿಮಿಷ ಮರು ಹಿಮ್ಮಾಹಿತಿ. ಇದರಲ್ಲಿ ಅತಿ ಮುಖ್ಯವಾದದ್ದು ಮರುಬೋಧನೆ, ಎಲ್ಲರೂ ಕೈಬಿಡುವುದೂ ಅದನ್ನೇ. ಒಂದೇ ಸಲ ಪಾಠ ಮಾಡಿ, ಗೆಳೆಯರಿಂದ ಚೆನ್ನಾಗಿತ್ತು ಅನ್ನಿಸಿಕೊಂಡು ಎದ್ದರೆ ಏನೂ ಕಲಿತಂತಾಗಲಿಲ್ಲ.

ಫೋನನ್ನು ಕಿಟಕಿಯ ಮೇಲಿಟ್ಟು ನಿಮ್ಮ ಪಾಠವನ್ನು ರೆಕಾರ್ಡ್ ಮಾಡಿ. ಆಮೇಲೆ ಕೇಳುತ್ತ ಮೂರು ವಿಷಯ ಮಾತ್ರ ಗುರುತು ಹಾಕಿ: ಎಷ್ಟು ಪ್ರಶ್ನೆ ಕೇಳಿದಿರಿ, ಅದರಲ್ಲಿ ಎಷ್ಟಕ್ಕೆ ನೀವೇ ಉತ್ತರ ಹೇಳಿದಿರಿ, ಪ್ರಶ್ನೆಗೂ ಮುಂದಿನ ಮಾತಿಗೂ ನಡುವೆ ಎಷ್ಟು ಹೊತ್ತು ಸುಮ್ಮನಿದ್ದಿರಿ. ಮೂರನೆಯದು ಹೊಸಬರನ್ನು ಬೆಚ್ಚಿಬೀಳಿಸುತ್ತದೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸುಮಾರು ಒಂದು ಸೆಕೆಂಡ್ ಮಾತ್ರ ಎಂದು ಕಂಡುಬಂತು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನೆ ಕೂತಿರುತ್ತಿದ್ದವರೂ ಬಾಯಿಬಿಟ್ಟರು. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ಹೆಸರು ಹೇಳಿ. ಹೆಸರು ಮೊದಲು ಹೇಳಿದರೆ ಉಳಿದವರೆಲ್ಲ ಯೋಚಿಸುವುದನ್ನು ಅಲ್ಲೇ ನಿಲ್ಲಿಸುತ್ತಾರೆ.

ಹಂತ 3: ಇಂಟರ್ನ್‌ಶಿಪ್‌ನ ಮೊದಲ ವಾರ ನೋಡುವುದಕ್ಕೆ

ಎನ್‌ಸಿಟಿಇಯ 2014ರ ನಿಯಮಾವಳಿಯ ಪ್ರಕಾರ ಬಿ.ಎಡ್‌ನ ಎರಡು ವರ್ಷಗಳಲ್ಲಿ ಶಾಲೆಯ ಕೆಲಸಕ್ಕೆ 20 ವಾರ ಮೀಸಲು: ಮೊದಲ ವರ್ಷ 4, ಎರಡನೇ ವರ್ಷ 16. ಹೋದ ದಿನವೇ ಪಾಠಕ್ಕೆ ನಿಲ್ಲುವ ಆತುರ ಬೇಡ. ನೋಟ್‌ಬುಕ್ಕಿನ ಪುಟವನ್ನು ಮೂರು ಭಾಗ ಮಾಡಿ: ಸಮಯ, ಶಿಕ್ಷಕರು ಮಾಡಿದ್ದು, ಮಕ್ಕಳು ಮಾಡಿದ್ದು. ಐದು ನಿಮಿಷಕ್ಕೊಮ್ಮೆ ಒಂದು ಸಾಲು. ಮೂರನೇ ಕಾಲಂ ಖಾಲಿ ಉಳಿದಿದ್ದರೆ ನೀವು ಶಿಕ್ಷಕರನ್ನು ಮಾತ್ರ ನೋಡುತ್ತಿದ್ದೀರಿ ಎಂದರ್ಥ. ಹಿಂದಿನ ಮೂಲೆಯಲ್ಲಿ ಕೂತ ಒಂದು ಮಗುವನ್ನು ಆರಿಸಿ, ಇಡೀ ಅವಧಿ ಅದೊಂದನ್ನೇ ಗಮನಿಸಿ. ಎಷ್ಟು ಸಲ ಕೈ ಎತ್ತಿತು, ಎಷ್ಟು ಸಲ ಪಕ್ಕದವರ ಪುಸ್ತಕ ಇಣುಕಿತು, ಏನು ಬರೆಯಿತು, ಏನು ಅಳಿಸಿತು, ಎಲ್ಲ ಬರೆಯಿರಿ.

ಶಾಲೆಯ ಶಿಕ್ಷಕರ ತಪ್ಪು ಪಟ್ಟಿ ಮಾಡಲು ನೀವು ಅಲ್ಲಿಗೆ ಹೋಗಿಲ್ಲ. ಕಂಡದ್ದನ್ನು ಕಾಲೇಜಿನ ಹಾಸ್ಟೆಲಿನಲ್ಲಿ ಹರಟೆಯ ಸರಕು ಮಾಡಿಕೊಳ್ಳುವುದು ವೃತ್ತಿಗೆ ಸಲ್ಲದ ನಡತೆ.

ಹಂತ 4: ಪಾಠಯೋಜನೆ, ಒಂದು ಕಳೆಯುವ ಲೆಕ್ಕದ ಸುತ್ತ

ಪರೀಕ್ಷೆಗೆ ಬರೆಯುವ ಪಾಠಯೋಜನೆ ಎಂಟು ಪುಟ ಇರಬಹುದು. ಕೈಯಲ್ಲಿ ಹಿಡಿದು ತರಗತಿಗೆ ಹೋಗುವುದು ಒಂದೇ ಪುಟವಾಗಿರಲಿ. ಆ ಪುಟದ ಮೊದಲ ಸಾಲಿನಲ್ಲಿ ನೀವೇನು ಮಾಡುತ್ತೀರಿ ಎಂಬುದು ಬೇಡ. ಅವಧಿ ಮುಗಿದಾಗ ಮಗು ಏನು ಮಾಡಿ ತೋರಿಸಬೇಕು ಎಂಬುದಿರಲಿ. ‘ದಶಕ ಬಿಡಿಸಿ ಕಳೆಯುವುದನ್ನು ಅರ್ಥಮಾಡಿಕೊಳ್ಳುವುದು’ ಎಂದು ಬರೆದರೆ ಅದನ್ನು ಅಳೆಯಲು ಬರುವುದಿಲ್ಲ. ‘61ರಿಂದ 28ನ್ನು ಕಡ್ಡಿಕಟ್ಟು ಬಳಸಿಯೂ, ಬಳಸದೆಯೂ ಕಳೆದು, ಮಾಡಿದ್ದನ್ನು ಬಾಯಲ್ಲಿ ಹೇಳುವುದು’ ಎಂದು ಬರೆದರೆ ಬರುತ್ತದೆ.

ಲೆಕ್ಕದ ಸಂಖ್ಯೆಗಳನ್ನು ಆರಿಸುವುದರಲ್ಲೇ ಅರ್ಧ ಕೌಶಲವಿದೆ. 52ರಿಂದ 27 ಕಳೆಯಿರಿ ಎಂದು ಕೊಟ್ಟಿರಿ ಎನ್ನೋಣ. ಸರಿ ಉತ್ತರ 25. ಇಬ್ಬರು ಮಕ್ಕಳು 35 ಬರೆದಿದ್ದಾರೆ. ಒಂದೇ ತಪ್ಪು ಎಂದುಕೊಂಡು ಇಬ್ಬರಿಗೂ ಒಂದೇ ರೀತಿ ಮತ್ತೆ ಹೇಳಿಕೊಟ್ಟರೆ ಒಬ್ಬರಿಗೆ ಅದು ವ್ಯರ್ಥ. ಒಂದು ಮಗು ‘ದೊಡ್ಡದರಿಂದ ಚಿಕ್ಕದನ್ನು ಕಳೆ’ ಎಂದು ಮೊದಲ ತರಗತಿಯಲ್ಲಿ ಕಲಿತದ್ದನ್ನೇ ಹಿಡಿದುಕೊಂಡು, ಬಿಡಿಯ ಮನೆಯಲ್ಲಿ 7ರಿಂದ 2 ಕಳೆದು 5 ಎಂದಿದೆ. ಇನ್ನೊಂದು ಮಗು ಸರಿಯಾಗಿಯೇ ದಶಕದಿಂದ ತಂದು 12ರಿಂದ 7 ಕಳೆದು 5 ಎಂದಿದೆ, ಆದರೆ ದಶಕದ ಮನೆಯ 5ನ್ನು 4 ಮಾಡಲು ಮರೆತಿದೆ. ಎರಡೂ ದಾರಿ 35ಕ್ಕೇ ಹೋಗುತ್ತವೆ.

ಅದೇ 61ರಿಂದ 28 ಕೊಟ್ಟು ನೋಡಿ. ಮೊದಲ ಬಗೆಯ ತಪ್ಪಿಗೆ 47 ಬರುತ್ತದೆ, ಎರಡನೆಯದಕ್ಕೆ 43. ಸರಿ ಉತ್ತರ 33. ಕಳೆಯುವ ಚಿಹ್ನೆಯನ್ನೇ ಗಮನಿಸದೆ ಕೂಡಿಸಿದವರದ್ದು 89. ಉತ್ತರ ನೋಡಿದ ಕೂಡಲೇ ಮಗು ಎಲ್ಲಿ ನಿಂತಿದೆ ಎಂದು ತಿಳಿಯುತ್ತದೆ. ಬಿಡಿಯ ಮನೆಯ ಅಂಕಿಗಳ ವ್ಯತ್ಯಾಸ 5 ಆಗದಂತೆ ಲೆಕ್ಕ ಆರಿಸಿದರೆ ಈ ಎರಡು ತಪ್ಪುಗಳು ಯಾವಾಗಲೂ ಬೇರೆಬೇರೆಯಾಗಿ ಕಾಣುತ್ತವೆ. ಇಂಥದ್ದನ್ನು ಪ್ರತಿ ಪಾಠದಲ್ಲೂ ಹುಡುಕಿ. ತಪ್ಪು ಉತ್ತರ ಹೇಗೆ ಬರಬಹುದು ಎಂದು ಮೊದಲೇ ಲೆಕ್ಕ ಹಾಕಿ, ಯೋಜನೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.

40 ನಿಮಿಷದ ಅವಧಿಯನ್ನು ಹೀಗೆ ಹಂಚಬಹುದು. ಮೊದಲ 5 ನಿಮಿಷ ಸ್ಲೇಟಿನ ಮೇಲೆ ದಶಕ ಬಿಡಿಸುವ ಅಗತ್ಯವಿಲ್ಲದ ಎರಡು ಲೆಕ್ಕ. ಮುಂದಿನ 10 ನಿಮಿಷ ಕಡ್ಡಿಕಟ್ಟು. ತೆಂಗಿನ ಗರಿಯ ಹಿಡಿಕಡ್ಡಿಯನ್ನು ಬೆರಳುದ್ದಕ್ಕೆ ಕತ್ತರಿಸಿ ಹತ್ತರ ಕಟ್ಟು ಮಾಡಿ. ನಾಲ್ಕು ಮಕ್ಕಳ ಗುಂಪಿಗೆ 70 ಕಡ್ಡಿ ಸಾಕು. ಆರು ಕಟ್ಟು, ಒಂದು ಬಿಡಿ ಇಟ್ಟುಕೊಂಡು 28 ತೆಗೆಯಲು ಹೇಳಿ. ಒಂದೇ ಬಿಡಿ ಇರುವಾಗ ಎಂಟು ತೆಗೆಯುವುದು ಹೇಗೆ ಎಂದು ಮಕ್ಕಳು ತಾವೇ ಗೊಂದಲಕ್ಕೆ ಬೀಳಬೇಕು, ತಾವೇ ಕಟ್ಟು ಬಿಚ್ಚಬೇಕು. ನೀವು ಬಿಚ್ಚಿ ತೋರಿಸಿದರೆ ಕೆಲಸ ಕೆಟ್ಟಿತು. ಆಮೇಲಿನ 10 ನಿಮಿಷದಲ್ಲಿ ಒಂದು ಗುಂಪು ಕಡ್ಡಿಯಲ್ಲಿ ಮಾಡಿದ್ದನ್ನು ಪಕ್ಕದಲ್ಲೇ ಹಲಗೆಯ ಮೇಲೆ ಅಂಕಿಯಲ್ಲಿ ಬರೆಯುತ್ತ ಹೋಗಿ. ಕಟ್ಟು ಬಿಚ್ಚಿದ ಕ್ಷಣಕ್ಕೇ 6 ಹೊಡೆದು 5 ಬರೆಯಬೇಕು. ದಶಕ ಕಡಿಮೆ ಮಾಡಲು ಮರೆಯುವ ತಪ್ಪು ಹುಟ್ಟುವುದು ಇವೆರಡನ್ನು ಬೇರೆಬೇರೆ ಹೊತ್ತಿನಲ್ಲಿ ತೋರಿಸಿದಾಗಲೇ. ಉಳಿದ 15ರಲ್ಲಿ 10 ನಿಮಿಷ ಸ್ವಂತ ಅಭ್ಯಾಸಕ್ಕೆ ನಾಲ್ಕು ಲೆಕ್ಕ, ಕೊನೆಯ 5ಕ್ಕೆ ಒಂದೇ ಲೆಕ್ಕ ಚೀಟಿಯಲ್ಲಿ. ಆ ಚೀಟಿಗಳನ್ನು ಸಂಜೆ ಮೂರು ಗುಡ್ಡೆ ಮಾಡಿ: ಬಂದವರು, ಒಂದು ಕಡೆ ಎಡವಿದವರು, ಇನ್ನೂ ಕಡ್ಡಿ ಬೇಕಾದವರು. ನಾಳೆಯ ಪಾಠ ಆ ಗುಡ್ಡೆಗಳನ್ನು ನೋಡಿ ನಿರ್ಧಾರವಾಗಲಿ.

ಹಂತ 5: ಬಹುತರಗತಿಯನ್ನು ಇಂಟರ್ನ್‌ಶಿಪ್‌ನಲ್ಲೇ ಒಮ್ಮೆಯಾದರೂ ನಡೆಸಿ

ಕಾಲೇಜಿನ ಪಾಠಯೋಜನೆ ಒಂದು ಕೊಠಡಿಗೆ ಒಂದು ತರಗತಿ ಎಂದುಕೊಂಡೇ ಸಾಗುತ್ತದೆ. ನಿಮಗೆ ಸಿಗುವ ಶಾಲೆ ಹಾಗಿರಲಿಕ್ಕಿಲ್ಲ. ಮೆಂಟರ್ ಶಿಕ್ಷಕರನ್ನು ಕೇಳಿಕೊಂಡು ನಲಿ-ಕಲಿ ಕೊಠಡಿಯಲ್ಲಿ ಕನಿಷ್ಠ ಎರಡು ವಾರ ಕೆಲಸ ಮಾಡಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಕಾ ಏಣಿಯಲ್ಲಿ ತಮ್ಮ ತಮ್ಮ ಮೆಟ್ಟಿಲಿನ ಕಾರ್ಡ್ ಹಿಡಿದು, ಆ ಚಟುವಟಿಕೆಗೆ ತಕ್ಕ ಗುಂಪಿಗೆ (‘ತಟ್ಟೆ’ಗೆ) ಹೋಗುವ ಪದ್ಧತಿ ಅದು. ಶಿಕ್ಷಕರ ಪೂರ್ಣ ನೆರವಿನ ಗುಂಪಿನಿಂದ ಸ್ವಂತವಾಗಿ ಕಲಿಯುವ ಗುಂಪಿನವರೆಗೆ ಮಕ್ಕಳು ಸಾಗುತ್ತಾರೆ. ಹೊಸಬರ ದೊಡ್ಡ ಎಡವಟ್ಟು ಎಂದರೆ ಪೂರ್ಣ ನೆರವಿನ ಗುಂಪಿನಲ್ಲೇ ಇಡೀ ಅವಧಿ ಕೂತುಬಿಡುವುದು. ಆಗ ಸ್ವಂತ ಕಲಿಕೆಯ ಗುಂಪಿನವರು ಕಾರ್ಡನ್ನು ಬರಿದೇ ತಿರುವಿ ಹಾಕುತ್ತಾರೆ, ಪ್ರಗತಿ ದಾಖಲೆಯಲ್ಲಿ ಮಾತ್ರ ಮೆಟ್ಟಿಲು ಏರಿರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ಎಲ್ಲ ಗುಂಪುಗಳನ್ನು ಸುತ್ತಿ ಬನ್ನಿ, ಪ್ರತಿ ಗುಂಪಿನಲ್ಲಿ ಒಂದು ಮಗುವಿನಿಂದ ಓದಿಸಿ ಅಥವಾ ಮಾಡಿಸಿ ನೋಡಿ.

ನಾಲ್ಕು ಮತ್ತು ಐದನೇ ತರಗತಿಗಳನ್ನು ಜೊತೆಯಾಗಿ ನಡೆಸುವಾಗ ಒಂದೇ ವಿಷಯವನ್ನು ಎರಡು ಆಳದಲ್ಲಿ ಇಟ್ಟುಕೊಂಡರೆ ಸುಲಭ. ಪರಿಸರ ಅಧ್ಯಯನದಲ್ಲಿ ನೀರಿನ ಪಾಠಕ್ಕೆ ನಾಲ್ಕನೆಯವರು ತಮ್ಮ ಮನೆಯ ನೀರು ಬಾವಿಯದೋ, ಅಬ್ಬಿಯದೋ, ನಲ್ಲಿಯದೋ ಎಂದು ಪಟ್ಟಿ ಮಾಡಲಿ. ಅದೇ ಪಟ್ಟಿಯಿಂದ ಐದನೆಯವರು ಸ್ತಂಭಚಿತ್ರ ಬರೆಯಲಿ.

ಹಂತ 6: ಮಗುವಿನ ಪುಸ್ತಕ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳುವುದಾದರೆ ಇದನ್ನು ಉಳಿಸಿಕೊಳ್ಳಿ. ಇನ್ನೂರು ಪುಟದ ನೋಟ್‌ಬುಕ್ ತನ್ನಿ, ಪ್ರತಿ ಮಗುವಿಗೆ ನಾಲ್ಕು ಪುಟ. ದಿನಕ್ಕೆ ಐದು ಮಕ್ಕಳ ಬಗ್ಗೆ ತಲಾ ಎರಡು ಮೂರು ಸಾಲು ಬರೆದರೆ ವಾರದ ಐದು ದಿನದಲ್ಲಿ 25 ಮಕ್ಕಳಾಯಿತು. ಹತ್ತು ನಿಮಿಷದ ಕೆಲಸ. ಮಕ್ಕಳು ಮನೆಗೆ ಹೊರಟ ಕೂಡಲೇ ಬರೆಯಬೇಕು. ರೂಮಿಗೆ ಹೋಗಿ ಬರೆಯುತ್ತೇನೆ ಎಂದರೆ ಅರ್ಧ ಮರೆತಿರುತ್ತದೆ.

ಏನು ಬರೆಯಬೇಕು ಎಂಬುದೇ ಮುಖ್ಯ. ‘ಓದಿನಲ್ಲಿ ಹಿಂದೆ, ಗಮನ ಕೊಡುವುದಿಲ್ಲ’ ಎಂಬ ಸಾಲಿನಿಂದ ನಾಳೆ ಏನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಇದನ್ನು ನೋಡಿ: ‘3ನೇ ತರಗತಿ. ಗುಣಿತಾಕ್ಷರದ ಪದಗಳನ್ನು ಸರಾಗವಾಗಿ ಓದಿದಳು. ಅಕ್ಕ, ಅಜ್ಜ ಸರಿ. ಪುಸ್ತಕ ಎಂಬಲ್ಲಿ ನಿಂತು, ಒತ್ತು ಬಿಟ್ಟು ಪುಸಕ ಎಂದಳು. ಅಕ್ಷರ ಎಂಬುದನ್ನು ಅಕರ ಎಂದಳು. ನಾಳೆ: ವಿಜಾತಿ ಒತ್ತಿನ ಐದು ಪದ, ಮಿಂಚುಪಟ್ಟಿ, ಗೆಳತಿಯ ಜೊತೆ.’ ಮಗುವಿಗೆ ಸಜಾತಿ ಒತ್ತಕ್ಷರ ಬರುತ್ತದೆ, ವಿಜಾತಿ ಬರುವುದಿಲ್ಲ ಎಂದು ಇಲ್ಲಿ ಸ್ಪಷ್ಟ. ಕಂಡದ್ದು, ಕೇಳಿದ್ದು, ನಾಳೆ ಮಾಡುವುದು, ಇಷ್ಟೇ ಇರಲಿ. ಸ್ವಭಾವದ ತೀರ್ಪು ಬೇಡ.

ಎರಡು ವಾರಕ್ಕೊಮ್ಮೆ ಪುಟಗಳನ್ನು ತಿರುವಿ ಹಾಕಿದಾಗ ಒಂದಷ್ಟು ಮಕ್ಕಳ ಪುಟ ತುಂಬಿರುತ್ತದೆ, ಕೆಲವರದ್ದು ಖಾಲಿ. ಖಾಲಿ ಪುಟದ ಮಕ್ಕಳು ನಿಮ್ಮ ಕಣ್ಣಿಗೆ ಬೀಳದವರು: ಸುಮ್ಮನಿರುವವರು, ಆಗಾಗ ತಪ್ಪಿಸುವವರು, ಹಿಂದೆ ಕೂರುವವರು. ಅವರು ಯಾರ ಮನೆಯ ಮಕ್ಕಳು ಎಂದು ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಒಂದೇ ಕೇರಿಯ, ಒಂದೇ ಸಮುದಾಯದ ಮಕ್ಕಳ ಪುಟಗಳೇ ಖಾಲಿ ಉಳಿದಿದ್ದರೆ ತಿದ್ದಿಕೊಳ್ಳಬೇಕಾದವರು ನೀವು. ರೂಪಣಾತ್ಮಕ ಮೌಲ್ಯಮಾಪನದ ದಾಖಲೆ ತುಂಬುವ ಹೊತ್ತಿಗೆ ಈ ಪುಸ್ತಕವೇ ಆಧಾರವಾಗುತ್ತದೆ, ಊಹೆಯ ಅಂಕ ಹಾಕುವ ಪ್ರಮೇಯ ಬರುವುದಿಲ್ಲ. ಇದು ಮಕ್ಕಳ ಖಾಸಗಿ ವಿಷಯವಾದ್ದರಿಂದ ಬೀಗದ ಕಪಾಟಿನಲ್ಲಿರಲಿ. ಇಂಟರ್ನ್‌ಶಿಪ್ ಮುಗಿದಾಗ ತರಗತಿ ಶಿಕ್ಷಕರಿಗೆ ಒಪ್ಪಿಸಿ ಬನ್ನಿ, ಮನೆಗೆ ಒಯ್ಯಬೇಡಿ.

ಹಂತ 7: ಮನೆಮಾತು, ಮಳೆ, ಅಡಿಕೆ ಕೊಯ್ಲು

ಮಲೆನಾಡಿನ ಒಂದೇ ಕೊಠಡಿಯಲ್ಲಿ ಹವ್ಯಕ ಕನ್ನಡ, ಉರ್ದು, ಕೊಂಕಣಿ, ತುಳು ಇರಬಹುದು. ಶಿಕಾರಿಪುರದ ತಾಂಡಾಗಳಲ್ಲಿ ಲಂಬಾಣಿ, ಭದ್ರಾವತಿಯಲ್ಲಿ ತಮಿಳು, ತೆಲುಗು. ಮಗು ಹಾವು ಎಂಬುದನ್ನು ‘ಆವು’ ಎಂದರೆ, ಬಾಳೆಯನ್ನು ‘ಬಾಲೆ’ ಎಂದರೆ ಅದು ದಡ್ಡತನವಲ್ಲ, ಮನೆಯ ಉಚ್ಚಾರ. ಎಲ್ಲರ ಮುಂದೆ ತಿದ್ದಬೇಡಿ. ನೀವು ನಿಮ್ಮ ಮುಂದಿನ ವಾಕ್ಯದಲ್ಲಿ ಆ ಪದವನ್ನು ಸರಿಯಾಗಿ ಬಳಸಿ ಮಾತು ಮುಂದುವರಿಸಿ. ಬರವಣಿಗೆಯಲ್ಲಿ ಮಾತ್ರ ಲ-ಳ, ನ-ಣ, ಅ-ಹ ಜೋಡಿಗಳಿಗೆ ಪ್ರತ್ಯೇಕ ಅಭ್ಯಾಸ ಕೊಡಿ. ಬೇರೆ ಮನೆಮಾತಿನ ಮಕ್ಕಳಿಂದ ನೀರು, ಹಸಿವು, ನೋವು, ಹೆದರಿಕೆ ಇಂಥ ಮೂವತ್ತು ಪದ ಮೊದಲ ತಿಂಗಳೇ ಕಲಿತುಕೊಳ್ಳಿ. ಹೊಟ್ಟೆನೋವು ಎಂದು ಹೇಳಲು ಬಾರದೆ ಅಳುತ್ತಿರುವ ಒಂದನೇ ತರಗತಿಯ ಮಗುವಿಗೆ ಆ ಒಂದು ಪದ ದೊಡ್ಡ ಆಸರೆ.

ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗಿನ ಯೋಜನೆಯೇ ಬೇರೆ ಇರಬೇಕು. ಹೆಂಚು, ಶೀಟಿನ ಮೇಲೆ ಮಳೆ ಹೊಡೆಯುವಾಗ ನಿಮ್ಮ ದನಿ ಎರಡನೇ ಸಾಲಿಗೂ ಕೇಳದು. ಕಿರುಚಿದರೆ ಗಂಟಲು ಹೋಗುತ್ತದೆ, ಪಾಠವೂ ಹೋಗುತ್ತದೆ. ಅಂಥ ಹೊತ್ತಿಗೆಂದೇ ಬರವಣಿಗೆಯ, ಚಿತ್ರದ, ಜೋಡಿ ಓದಿನ ಹತ್ತು ಚಟುವಟಿಕೆಗಳನ್ನು ಮೇ ತಿಂಗಳಲ್ಲೇ ತಯಾರಿಸಿಟ್ಟುಕೊಳ್ಳಿ. ತೇವಕ್ಕೆ ಚಾರ್ಟುಗಳು ಸುರುಳಿಯಾಗುತ್ತವೆ, ಅಂಟು ಬಿಡುತ್ತದೆ, ಕಾರ್ಡುಗಳಿಗೆ ಬೂಸ್ಟು ಹಿಡಿಯುತ್ತದೆ. ತಗಡಿನ ಟ್ರಂಕು, ದಪ್ಪ ಪ್ಲಾಸ್ಟಿಕ್ ಕವರು ಮೊದಲೇ ಒದಗಿಸಿಕೊಳ್ಳಿ. ಒದ್ದೆ ಹಲಗೆಯ ಮೇಲೆ ಸೀಮೆಸುಣ್ಣ ಮೂಡುವುದಿಲ್ಲ, ಬೆಳಿಗ್ಗೆ ಒಣಬಟ್ಟೆಯಿಂದ ಒರೆಸಬೇಕು.

ಯಾವ ಮಗು ಯಾವ ಹಳ್ಳ ದಾಟಿ, ಯಾವ ಕಾಲುಸಂಕದ ಮೇಲೆ ಬರುತ್ತದೆ ಎಂಬ ಕೈನಕ್ಷೆ ಸ್ಟಾಫ್ ರೂಮಿನ ಗೋಡೆಯ ಮೇಲಿರಲಿ. ಮಧ್ಯಾಹ್ನ ಮಳೆ ಜೋರಾದರೆ ಆ ಮಕ್ಕಳನ್ನು ಯಾರು ಕರೆದೊಯ್ಯುತ್ತಾರೆ, ಯಾರಿಗೆ ಫೋನ್ ಮಾಡಬೇಕು ಎಂದು ಪೋಷಕರೊಡನೆ ಜೂನ್ ಮೊದಲ ವಾರವೇ ಮಾತಾಡಿ. ಮಗುವನ್ನು ಒಂಟಿಯಾಗಿ ಕಳಿಸುವುದು ಬೇಡವೇ ಬೇಡ. ಮಳೆ ರಜೆಯಿಂದ ಹೋದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬನ್ನಿ, 200 ದಿನದ ಲೆಕ್ಕ ಕೊನೆಗೆ ಹೊಂದಬೇಕು.

ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದ ಮೇಲೆ ರಾತ್ರಿ ಅಡಿಕೆ ಸುಲಿತ ನಡೆಯುವ ಮನೆಯ ಮಕ್ಕಳು ಬೆಳಿಗ್ಗೆ ತೂಕಡಿಸುತ್ತಾರೆ. ಬೈಯುವ ಮೊದಲು ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದು ಎಂದು ಕೇಳಿ. ಮೊದಲ ಅವಧಿಗೆ ಎದ್ದು ಓಡಾಡುವ ಚಟುವಟಿಕೆ ಇಟ್ಟುಕೊಳ್ಳಿ. ಮಗುವನ್ನೂ ಸುಲಿತಕ್ಕೆ ಕೂರಿಸುತ್ತಿದ್ದರೆ ಪೋಷಕರೊಡನೆ ಮಾತಾಡುವುದು ನಿಮ್ಮ ಕೆಲಸ.

ಹೊರಸಂಚಾರದ ಬಗ್ಗೆ ಒಂದು ಎಚ್ಚರಿಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ. ಆ ಕಾಲದಲ್ಲಿ ಎಲೆ ಸಂಗ್ರಹ, ಹಕ್ಕಿ ವೀಕ್ಷಣೆ ಎಂದು ಮಕ್ಕಳನ್ನು ಕಾಡಿನೊಳಗೆ ಕರೆದೊಯ್ಯಬೇಡಿ. ಅಂಥ ಪಾಠಗಳನ್ನು ಮಳೆ ಇಳಿದ ಅಕ್ಟೋಬರ್‌ನಲ್ಲಿ ಶಾಲೆಯ ಆವರಣದಲ್ಲೇ ಮಾಡಿ. ಸತ್ತ ಮಂಗ ಕಂಡ ಸುದ್ದಿ ಮಕ್ಕಳಿಂದ ಬಂದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಹಂತ 8: ಮಕ್ಕಳ ಸುರಕ್ಷತೆ ಮತ್ತು ನಿಮ್ಮ ಗಡಿ

2012ರ ಪೋಕ್ಸೋ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದು ಎಂಬ ಆತಂಕವಿರುವವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ ಅಪರಾಧ. ಮಗು ಹೇಳಿಕೊಂಡಾಗ ಹೀಗೆ ಮಾಡಿ: ಅರ್ಧಕ್ಕೆ ತಡೆಯದೆ ಕೇಳಿ. ಯಾಕೆ, ಹೇಗೆ ಎಂದು ಕೆದಕಬೇಡಿ. ಯಾರಿಗೂ ಹೇಳುವುದಿಲ್ಲ ಎಂಬ ಮಾತು ಕೊಡಬೇಡಿ. ‘ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪಿಲ್ಲ, ಸಹಾಯ ಮಾಡುವವರಿಗೆ ತಿಳಿಸುತ್ತೇನೆ’ ಎನ್ನಿ. ಮಗುವಿನ ಮಾತುಗಳನ್ನು ಅದೇ ಪದಗಳಲ್ಲಿ ದಿನಾಂಕ, ಸಮಯದೊಡನೆ ಬರೆದಿಡಿ. ಅಂದೇ ಮುಖ್ಯ ಶಿಕ್ಷಕರಿಗೆ ಹೇಳಿ, ದೂರು ದಾಖಲಾಗುವಂತೆ ನೋಡಿಕೊಳ್ಳಿ. ಅವರಿಗೆ ಹೇಳಿದ ಮಾತ್ರಕ್ಕೆ ನಿಮ್ಮ ಹೊಣೆ ತೀರುವುದಿಲ್ಲ. ಮಕ್ಕಳ ಸಹಾಯವಾಣಿ 1098. ಊರ ಮರ್ಯಾದೆ, ಮಾತುಕತೆಯಲ್ಲಿ ಮುಗಿಸೋಣ ಎಂಬ ಒತ್ತಡ ಬರುತ್ತದೆ. ಅದಕ್ಕೆ ಮಣಿಯುವ ಅಧಿಕಾರ ನಿಮಗಿಲ್ಲ. ಮಗುವಿನ ಗುರುತು ಮಾತ್ರ ಎಲ್ಲಿಯೂ ಬಾಯಿಬಿಡಬೇಡಿ.

ಮಕ್ಕಳ ಫೋಟೊ ನಿಮ್ಮ ಸ್ಟೇಟಸ್ಸಿಗೆ ಬೇಡ. ಬಿಸಿಯೂಟದ ರುಚಿ ಮಕ್ಕಳಿಗಿಂತ ಮೊದಲು ನೀವು ನೋಡಿ, ಮಕ್ಕಳ ಸಾಲಿನಲ್ಲೇ ಕೂತು ಉಣ್ಣಿ. ಯಾರು ಯಾರ ಪಕ್ಕ ಕೂರಲು ಹಿಂಜರಿಯುತ್ತಾರೆ ಎಂಬುದು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ತರಗತಿಯಲ್ಲಿ ಕಾಣುವುದಿಲ್ಲ.

ಹಂತ 9: ಪೋಷಕರೊಡನೆ ಮಾತು

ಒಬ್ಬ ಪೋಷಕರನ್ನು ‘ಬನ್ನಿ ಭಟ್ರೆ’, ಇನ್ನೊಬ್ಬರನ್ನು ‘ಬನ್ನಿ ಗೌಡ್ರೆ’ ಎಂದು ಕರೆದು, ಕೂಲಿಗೆ ಹೋಗುವವರನ್ನು ‘ಏನೋ, ಬಾರೋ’ ಎನ್ನುವ ರೂಢಿ ಶಾಲೆಯ ಜಗುಲಿಯಲ್ಲಿ ಇರಕೂಡದು. ಎಲ್ಲರಿಗೂ ನೀವು, ಎಲ್ಲರಿಗೂ ಕುರ್ಚಿ. ಮಗು ಇದನ್ನು ನೋಡುತ್ತಲೇ ಇರುತ್ತದೆ. ಸಭೆಯನ್ನು ಕೆಲಸ ಬಿಟ್ಟು ಬರುವ ಹೊತ್ತಿಗೆ, ಸಂಜೆ ಇಟ್ಟುಕೊಂಡರೆ ಜನ ಸೇರುತ್ತಾರೆ. ಮೊದಲು ಮಗು ಹೊಸದಾಗಿ ಕಲಿತ ಒಂದನ್ನು ಅದರ ನೋಟ್‌ಬುಕ್ ತೆಗೆದು ತೋರಿಸಿ, ಆಮೇಲೆ ಕಷ್ಟವಾಗುತ್ತಿರುವ ಒಂದನ್ನು ಹೇಳಿ, ಮನೆಯಲ್ಲಿ ಮಾಡಬಹುದಾದ ಒಂದೇ ಕೆಲಸ ಕೇಳಿಕೊಳ್ಳಿ. ಓದು ಬಾರದ ತಾಯಿಯೂ ‘ಇವತ್ತು ಓದಿದ್ದನ್ನು ನನಗೆ ಹೇಳು’ ಎಂದು ಮಗುವಿನ ಪಕ್ಕ ಹತ್ತು ನಿಮಿಷ ಕೂರಬಹುದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹಣದ ಲೆಕ್ಕದ ಜೊತೆಗೆ ಎಷ್ಟು ಮಕ್ಕಳು ಓದಲು ಕಲಿತರು ಎಂಬ ಲೆಕ್ಕವನ್ನೂ ಒಯ್ಯಿರಿ.

ಹಂತ 10: ನಿಮ್ಮ ಬೆಳವಣಿಗೆಯ ಲೆಕ್ಕ

ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆಗೆ ಕೊಡಬೇಕೆಂದು 2020ರ ನೀತಿ ಹೇಳುತ್ತದೆ. ಶಾಲೆ ನಡೆಯುವ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ಐದು ಗಂಟೆ. ತರಬೇತಿ ಆದೇಶ ಬರಲಿ ಎಂದು ಕಾಯಬೇಕಿಲ್ಲ. ಎರಡು ಗಂಟೆ ಕ್ಲಸ್ಟರಿನ ಇನ್ನೊಬ್ಬ ಶಿಕ್ಷಕರ ಪಾಠ ನೋಡಿ ಮಾತಾಡಲು, ಎರಡು ಗಂಟೆ ಓದಿಗೆ, ಒಂದು ಗಂಟೆ ನಿಮ್ಮದೇ ಪಾಠದ ಧ್ವನಿಮುದ್ರಣ ಕೇಳಲು.

ವಿಷಯಜ್ಞಾನದಲ್ಲಿ ಎಲ್ಲಿ ಸೊರಗಿದ್ದೀರಿ ಎಂದು ತಿಳಿಯಲು ನೇರವಾದ ದಾರಿ ಇದೆ. ಒಂದರಿಂದ ಎಂಟನೇ ತರಗತಿಯ ಗಣಿತ ಪುಸ್ತಕಗಳ ಅಭ್ಯಾಸ ಲೆಕ್ಕಗಳನ್ನು ಗೈಡು ಮುಟ್ಟದೆ ಮಾಡಿ. ಭಿನ್ನರಾಶಿಯ ಭಾಗಾಕಾರದಲ್ಲಿ ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸುವುದು ಯಾಕೆ ಎಂದು ಹತ್ತು ವರ್ಷದ ಮಗುವಿಗೆ ಹೇಳಲು ಬರದಿದ್ದರೆ ಆ ಅಧ್ಯಾಯ ನಿಮ್ಮದೇ ಪಟ್ಟಿಗೆ ಸೇರಬೇಕು. ಶಿಕ್ಷಕರ ಅರ್ಹತಾ ಪರೀಕ್ಷೆಗೂ (ಟಿಇಟಿ) ಇದೇ ಒಳ್ಳೆಯ ತಯಾರಿ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. 1ರಿಂದ 5ಕ್ಕೆ ಪತ್ರಿಕೆ ಒಂದು, 6ರಿಂದ 8ಕ್ಕೆ ಪತ್ರಿಕೆ ಎರಡು. ಎರಡರಲ್ಲೂ ಶಿಶುವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30 ಅಂಕ. ಮಗುವಿನ ಪುಸ್ತಕ ಬರೆದು ಅಭ್ಯಾಸವಿದ್ದವರಿಗೆ ಆ ಭಾಗದ ಸನ್ನಿವೇಶದ ಪ್ರಶ್ನೆಗಳು ಕಣ್ಣೆದುರು ಕಂಡದ್ದರಂತೆಯೇ ಇರುತ್ತವೆ.

ದನಿ ನಿಮ್ಮ ಮುಖ್ಯ ಉಪಕರಣ. ಪ್ರತಿ ಅವಧಿಯ ಕೊನೆಗೆ ಎರಡು ಗುಟುಕು ನೀರು, ಮಧ್ಯಮ ಶ್ರುತಿಯ ಮಾತು, ಹೊಟ್ಟೆಯಿಂದ ಉಸಿರು. ಗಂಟಲು ಕಟ್ಟಿದ್ದು ಮೂರು ವಾರವಾದರೂ ಬಿಡದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಿ. ಮಾತಿನ ಸ್ಪಷ್ಟತೆ, ಕತೆ ಹೇಳುವ ಲಯ ರಂಗಭೂಮಿಯಿಂದ ಚೆನ್ನಾಗಿ ಬರುತ್ತದೆ. 1949ರಲ್ಲಿ ಶುರುವಾದ ಹೆಗ್ಗೋಡಿನ ನೀನಾಸಂ ರಂಗಸಂಸ್ಥೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇದೆ. ನಾಟಕ ನೋಡಲು ಹೋದಾಗ ನಟರು ಹಿಂದಿನ ಸಾಲಿಗೆ ಮಾತು ತಲುಪಿಸುವುದು ಹೇಗೆ, ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ಶಿಕ್ಷಕರ ಕಿವಿಯಿಂದ ಕೇಳಿ.

ಒಂಟಿತನದ ಮಾತನ್ನು ಯಾರೂ ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲ. ನೆಟ್‌ವರ್ಕ್ ಸಿಗದ ಊರಿನಲ್ಲಿ, ಐದೂವರೆಯ ಕೊನೇ ಬಸ್ಸು ಹೋದ ಮೇಲೆ, ಮಳೆಗಾಲದ ಸಂಜೆ ಬಾಡಿಗೆ ರೂಮಿನಲ್ಲಿ ಕೂತ ಹೊಸ ಶಿಕ್ಷಕರಿಗೆ ಮೊದಲ ವರ್ಷ ನಿಜಕ್ಕೂ ಕಷ್ಟ. ಹಲವರು ವರ್ಗಾವಣೆಯ ಅರ್ಜಿಯಲ್ಲೇ ಮನಸ್ಸಿಟ್ಟು ದಿನ ನೂಕುವುದು ಶುರುವಾಗುವುದು ಇಲ್ಲಿಂದಲೇ. ಈಗಲೇ ನಿಮ್ಮ ಬ್ಯಾಚಿನ ಮೂರು ನಾಲ್ಕು ಜನ ಒಂದು ಒಪ್ಪಂದ ಮಾಡಿಕೊಳ್ಳಿ: ನೌಕರಿ ಎಲ್ಲೇ ಸಿಗಲಿ, ತಿಂಗಳ ಎರಡನೇ ಭಾನುವಾರ ಶಿವಮೊಗ್ಗದಲ್ಲೋ ಸಾಗರದಲ್ಲೋ ಒಟ್ಟಿಗೆ ಕೂರುವುದು. ಪ್ರತಿಯೊಬ್ಬರೂ ಕಲಿಸಲು ಆಗದೆ ಉಳಿದ ಒಂದು ಪಾಠ, ಹೆಸರು ಹೇಳದೆ ಒಂದು ಮಗುವಿನ ನೋಟ್‌ಬುಕ್ ಪುಟದ ನಕಲು ತರಬೇಕು. ಸಂಬಳ, ಡಿಎ, ಮೇಲಧಿಕಾರಿಗಳ ಮಾತು ಊಟದ ಹೊತ್ತಿಗೆ. ಮೊದಲ ಒಂದೂವರೆ ಗಂಟೆ ಆ ನೋಟ್‌ಬುಕ್ ಪುಟಗಳಿಗೆ.